ರೆಕ್ಕೆ ಅಂಗಿ

ನನಗೆ ಹೊಲಿಗೆ ಕಲಿಸಿದ್ದೇ ತಪ್ಪಾಯಿತು ಎಂದು ನನ್ನ ದೊಡ್ಡ ಮಾವ ಇವತ್ತಿಗೂ ಹೇಳುತ್ತಾರೆ. “ಬ್ಲೌಸ್ ಹೊಲ್ಕಂಡ್ ಇರ್ ಅಂದ್ರೆ ರೆಕ್ಕಿ ಹೊಲ್ಕಂಡ್ ಆಕಾಶಕ್ಕ್ ಹೋಯ್ತ್ ಹೆಣ್ಣ್” ಎಂದು ಬಂದವರ ಮುಂದೆಲ್ಲ ಹೇಳಿ ತಲೆ ಕೊಡವುತ್ತಾರೆ.

ತಪ್ಪು ಆಗಿದ್ದರೆ ಅದು ಅವರದ್ದೇ. ೧೯೯೭ರಲ್ಲಿ ನನ್ನನ್ನು ಬ್ರಹ್ಮಾವರದ ಹೊಲಿಗೆ ತರಗತಿಗೆ ಕರೆದುಕೊಂಡು ಹೋಗಿ ಬಿಟ್ಟವರು ಅವರು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅಪ್ಪ ಕಾಮಾಲೆಯಲ್ಲಿ ತೀರಿಕೊಂಡಿದ್ದ. ಆಮೇಲೆ ನಮ್ಮ ಮನೆಯ ದೊಡ್ಡ ಮಾತುಗಳನ್ನೆಲ್ಲ ಅಮ್ಮನ ಅಣ್ಣನಾದ ಈ ಮಾವನೇ ಆಡುತ್ತಿದ್ದರು. ಹತ್ತನೇ ಕ್ಲಾಸು ಮುಗಿದ ಮೇಲೆ ಎರಡು ವರ್ಷ ನಾನು ಅಮ್ಮನ ಜೊತೆ ಮೀನು ಬುಟ್ಟಿ ಹೊತ್ತಿದ್ದೆ. ಕುಂದಾಪುರಕ್ಕೂ ಬೈಂದೂರಿಗೂ ನಡುವಿನ ಕಡಲ ಬದಿಯ ಕೇರಿ ನಮ್ಮದು. ಬೆಳಿಗ್ಗೆ ದೋಣಿ ಬಂದ ಕೂಡಲೇ ಮೀನು ಕೊಂಡು, ಬಸ್ಸು ಹತ್ತಿ, ಬಸ್ರೂರಿನ ಮನೆಮನೆಗೆ ಹೋಗಿ ಮಾರಿ ಬರುವುದು ಅಮ್ಮನ ಕೆಲಸ. “ಹೆಣ್ಣಿಗೂ ಬುಟ್ಟಿಯೇ ಆಯ್ಕಾ?” ಎಂದು ಮಾವ ನನ್ನನ್ನು ಹೊಲಿಗೆಗೆ ಹಾಕಿದರು. ಆ ಉಪಕಾರವನ್ನು ನಾನು ಮರೆತಿಲ್ಲ. ಉಪಕಾರ ಮಾಡಿದವರ ಮಾತನ್ನೆಲ್ಲ ಕೇಳಬೇಕು ಎಂಬುದನ್ನು ಮಾತ್ರ ಒಪ್ಪಿಲ್ಲ.

ಕಲಿತ ಮೇಲೆ ಕುಂದಾಪುರದ ಮೀನು ಮಾರ್ಕೆಟ್ಟಿನ ಹತ್ತಿರ ಒಂದು ಅಂಗಡಿಯ ಜಗಲಿಯಲ್ಲಿ ಮಷೀನು ಇಟ್ಟುಕೊಂಡೆ. ಬ್ಲೌಸಿಗಿಂತ ನನ್ನ ಕೈಗೆ ಹೆಚ್ಚು ಬಂದದ್ದು ದೋಣಿಯ ಟಾರ್ಪಾಲು. ದಪ್ಪ ಬಟ್ಟೆಯ ಮೇಲೆ ಸೂಜಿ ಮುರಿಯದ ಹಾಗೆ ನೇರ ಹೊಲಿಗೆ ಹಾಕುವುದು ಎಲ್ಲರಿಗೂ ಬರುವುದಿಲ್ಲ. ಕಡಲಿನ ಗಾಳಿಗೆ ನನ್ನ ಹೊಲಿಗೆ ಬಿಚ್ಚಿದ್ದಿಲ್ಲ. ಆ ಹೆಸರಿನ ಮೇಲೆಯೇ ಏಳು ವರ್ಷದ ನಂತರ ಗಲ್ಫಿನ ಒಂದು ಡೇರೆ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಕೇರಿಯವರೆಲ್ಲ ಮುಂಬಯಿಗೆ ಹೋಗುತ್ತಿದ್ದ ಕಾಲದಲ್ಲಿ ನಾನು ಮುಂಬಯಿ ದಾಟಿ ಹೋದೆ. ಆಗ ಮಾವ ಎದೆಯುಬ್ಬಿಸಿ ನಡೆದರು.

ಕಾರ್ಖಾನೆ ಸೇರಿ ಒಂದು ವರ್ಷ ಆಗಿರಬೇಕು. ಒಂದು ಮಧ್ಯಾಹ್ನ ಐವತ್ತರ ಹತ್ತಿರದ ಒಬ್ಬ ವಿದೇಶಿ ಹೆಂಗಸು ಒಳಗೆ ಬಂದಳು. ಎತ್ತರದ ಮೈ, ನರೆತ ಮೋಟು ಕೂದಲು, ಎರಡೂ ಮಂಡಿಗೆ ಪಟ್ಟಿ. ಅವಳ ಕೈಯಲ್ಲಿ ನೈಲಾನಿನ ಒಂದು ವಿಚಿತ್ರ ಅಂಗಿ. ತೋಳಿಗೂ ಪಕ್ಕೆಗೂ ನಡುವೆ ಬಟ್ಟೆ, ಎರಡು ಕಾಲಿನ ನಡುವೆಯೂ ಬಟ್ಟೆ. ಕಂಕುಳಿನ ಹತ್ತಿರ ಹರಿದಿತ್ತು. ಒಬ್ಬರೇ ಮಲಗುವ ಡೇರೆ ಇರಬೇಕು ಎಂದುಕೊಂಡು ಹೊಲಿದುಕೊಟ್ಟೆ. ಅವಳು ಹೊಲಿಗೆಯನ್ನು ಉಗುರಿನಿಂದ ಎಳೆದು ನೋಡಿದಳು. ಇನ್ನೊಮ್ಮೆ ಎಳೆದಳು. ಆಮೇಲೆ ತನ್ನ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಒಂದು ವಿಡಿಯೋ ತೋರಿಸಿದಳು. ಅದೇ ಅಂಗಿ ತೊಟ್ಟು ಅವಳು ವಿಮಾನದಿಂದ ಜಿಗಿದು, ಬೀಳದೆ, ಮೋಡದ ಅಂಚು ಹಿಡಿದು ಮುಂದೆ ಮುಂದೆ ಹೋಗುತ್ತಿದ್ದಳು.

“ಇದು ಸುಳ್ಳು” ಅಂದೆ, ನನಗೆ ಬರುತ್ತಿದ್ದ ಮುರುಕು ಇಂಗ್ಲಿಷಿನಲ್ಲಿ.

“ನಿನ್ನ ಹೊಲಿಗೆ ಗಟ್ಟಿ ಇದ್ದರೆ ನಿಜ. ಇಲ್ಲದಿದ್ದರೆ ನಾನು ಸುಳ್ಳು” ಅಂದಳು.

ಊರಾಚೆಯ ಮರಳುಗಾಡಿನಲ್ಲಿದ್ದ ಜಿಗಿತದ ಮೈದಾನದಲ್ಲಿ ಅವಳು ಮುಖ್ಯ ಶಿಕ್ಷಕಿ. ಕಾರ್ಖಾನೆಯ ಕರಾರು ಮುಗಿದ ಮೇಲೆ ನನ್ನನ್ನು ಅಲ್ಲಿಗೆ ಕರೆಸಿಕೊಂಡಳು. ಹರಿದದ್ದನ್ನು ಹೊಲಿಯುವುದು, ಜಿಗಿದು ಬಂದವರ ಪ್ಯಾರಾಚೂಟನ್ನು ಮಡಚಿ ಚೀಲಕ್ಕೆ ತುಂಬುವುದು ನನ್ನ ಕೆಲಸ. ಮಡಚುವ ಕೋಣೆಯಲ್ಲಿ ನಾನೊಬ್ಬಳೇ ಹೆಂಗಸು. ನಾನು ಮಡಚಿದ ಯಾವ ಪ್ಯಾರಾಚೂಟೂ ಕೈ ಕೊಟ್ಟಿರಲಿಲ್ಲ. ಆದರೂ ಒಂದು ದಿನ ನಾನು “ಒಮ್ಮೆ ಜಿಗಿದು ನೋಡಬೇಕು” ಎಂದಾಗ ಜೊತೆಯ ಗಂಡಸರು ನಕ್ಕರು. ಒಬ್ಬ ಹಿಂದಿಯಲ್ಲಿ, “ಹೊಲಿಯುವವಳು ಹೊಲಿಯಲಿ, ಜಿಗಿಯುವವರು ಜಿಗಿಯಲಿ” ಅಂದ.

ನಾನು ಧೈರ್ಯದಿಂದ ಜಿಗಿದವಳಲ್ಲ. ಆ ಮಾತಿನ ಸಿಟ್ಟಿಗೆ ಜಿಗಿದವಳು. ವಿಮಾನದ ಬಾಗಿಲಿಗೆ ಬಂದಾಗ ಎರಡೂ ಕೈಯಲ್ಲಿ ಚೌಕಟ್ಟು ಹಿಡಿದುಕೊಂಡೆ. ಆದರೆ ಕೆಳಗೆ ಆ ನಗುವ ಮುಖಗಳಿದ್ದವು. ವಾಪಸು ವಿಮಾನದಲ್ಲೇ ಇಳಿದು ಅವುಗಳ ಮುಂದೆ ನಡೆಯುವುದಕ್ಕಿಂತ ಬೀಳುವುದು ಸುಲಭ ಅನಿಸಿತು.

ರೆಕ್ಕೆ ಅಂಗಿ ತೊಡಬೇಕಾದರೆ ಮೊದಲು ಇನ್ನೂರು ಸಾದಾ ಜಿಗಿತ ಆಗಬೇಕು. ಇದು ನನ್ನ ಗುರುವಾದ ಆ ಶಿಕ್ಷಕಿ ಯಾರಿಗೂ ಸಡಿಲಿಸದ ನಿಯಮ. ವಾರವೆಲ್ಲ ಬೇರೆಯವರ ಪ್ಯಾರಾಚೂಟು ಮಡಚಿ, ರಜೆಯ ದಿನ ಸ್ವಂತದ್ದು ಕಟ್ಟಿಕೊಂಡು ಹಾರುತ್ತ ಇನ್ನೂರು ಮುಗಿಸಲು ನನಗೆ ಮೂರು ವರ್ಷ ಹಿಡಿಯಿತು. ಅಷ್ಟರಲ್ಲಿ ನಕ್ಕವರಲ್ಲಿ ಇಬ್ಬರು ಕೆಲಸ ಬಿಟ್ಟು ಹೋಗಿದ್ದರು. ನಾನು ಇನ್ನೂರನೆಯದು ಮುಗಿಸಿದ್ದನ್ನು ನೋಡಲು ಅವರು ಇರಲಿಲ್ಲವಲ್ಲ ಎಂದು ನಿಜವಾಗಿಯೂ ಬೇಜಾರಾಯಿತು.

ಮೊದಲ ರೆಕ್ಕೆ ಹಾರಾಟಕ್ಕೆ ಮುಂಚೆ ಗುರು ನನ್ನನ್ನು ಒಂದು ಇಡೀ ದಿನ ನೆಲದ ಮೇಲೆಯೇ ಹಾರಿಸಿದಳು. ಬಾಗಿಲು ಬಿಡುವಾಗ ರೆಕ್ಕೆ ಮುಚ್ಚಿರಬೇಕು, ತೆರೆದರೆ ಗಾಳಿ ಎತ್ತಿ ವಿಮಾನದ ಬಾಲಕ್ಕೆ ಬಡಿಯುತ್ತದೆ. ಬಾಲ ದಾಟಿದ ಮೇಲೆ ಕೈಕಾಲು ಒಟ್ಟಿಗೆ ಬಿಚ್ಚಬೇಕು. ಮಣಿಕಟ್ಟಿನ ಎತ್ತರ ಮಾಪಕ ನೋಡುತ್ತಿರಬೇಕು. ಪ್ಯಾರಾಚೂಟಿನ ಹಿಡಿ ಎಳೆಯುವಾಗ ಎರಡು ರೆಕ್ಕೆಯೂ ಒಂದೇ ಸಲ ಮಡಚಬೇಕು. ನೂರು ಸಲ ಮಾಡಿಸಿದಳು.

ಆ ಮೊದಲ ಹಾರಾಟದ ಬಗ್ಗೆ ಹೇಳುವಾಗ ನನಗೆ ಈಗಲೂ ಮಾತು ಅವಸರ ಆಗುತ್ತದೆ. ಅಂಗಿಯೊಳಗೆ ಗಾಳಿ ತುಂಬಿ ಬಟ್ಟೆ ಬಿಗಿಯಿತು. ಹೊಟ್ಟೆಯೊಳಗಿನ ಬೀಳುವ ಭಾವ ಹೋಯಿತು. ನಾನು ಕೆಳಗೆ ಹೋಗುತ್ತಿರಲಿಲ್ಲ, ಮುಂದೆ ಹೋಗುತ್ತಿದ್ದೆ! ಸಾದಾ ಜಿಗಿತದಲ್ಲಿ ಒಂದು ನಿಮಿಷಕ್ಕೆ ಮುಗಿಯುವ ಆಕಾಶ ಎರಡು ನಿಮಿಷ ದಾಟಿದರೂ ಮುಗಿಯಲಿಲ್ಲ. ಇಳಿದ ಮೇಲೆ ಮರಳಿನಲ್ಲಿ ಕೂತು ಜೋರಾಗಿ ಕುಂದಾಪ್ರ ಕನ್ನಡದಲ್ಲಿ ಏನೇನೋ ಕೂಗಿದೆನಂತೆ. ಗುರುವಿಗೆ ಒಂದೂ ಅರ್ಥವಾಗಲಿಲ್ಲ.

ಅಹಂಕಾರ ಬರಲು ನಾಲ್ಕು ಹಾರಾಟ ಸಾಕಾಯಿತು. ಐದನೆಯದರಲ್ಲಿ, ಹೇಳಿಕೊಡುವ ಮೊದಲೇ, ಚೂಪು ತಿರುವು ತೆಗೆದುಕೊಳ್ಳಲು ಹೋದೆ. ಬಲ ಮಂಡಿ ಮಡಚಿತು. ಮರುಕ್ಷಣ ಗಿರಕಿ ಹೊಡೆಯತೊಡಗಿದೆ. ಮರಳು, ಆಕಾಶ, ಮರಳು, ಆಕಾಶ. ರಕ್ತ ಕಣ್ಣಿಗೆ ನುಗ್ಗಿತು. ಗಿರಕಿ ಬಂದರೆ ರೆಕ್ಕೆ ಮಡಚಿ ಚಿಕ್ಕದಾಗು ಎಂದು ಗುರು ಹೇಳಿಕೊಟ್ಟಿದ್ದಳು. ನಾನು ಮಡಚಲಿಲ್ಲ. ಬಲೆ ಎಳೆಯುವವರ ಹಾಗೆ ಇದ್ದ ಬಲವೆಲ್ಲ ಹಾಕಿ ಕೈ ಚಾಚಿ ಗಾಳಿಯನ್ನು ನೂಕಿದೆ. ಗಿರಕಿ ಹೆಚ್ಚಾಯಿತು. ಕೊನೆಗೆ ಹೇಗೋ ಹಿಡಿ ಸಿಕ್ಕಿ ಎಳೆದೆ. ಪ್ಯಾರಾಚೂಟು ತೆರೆಯಿತು, ಹಗ್ಗಗಳು ಜಡೆಯಂತೆ ಹೆಣೆದುಕೊಂಡಿದ್ದವು. ಕಾಲು ಒದ್ದು ಒದ್ದು ಬಿಡಿಸಿಕೊಳ್ಳುವ ಹೊತ್ತಿಗೆ ನೆಲ ಹತ್ತಿರ ಬಂದಿತ್ತು. ಮೈದಾನದ ಹೊರಗೆ ಕಲ್ಲಿನ ಮೇಲೆ ಬಲ ಭುಜ ಕೊಟ್ಟು ಬಿದ್ದೆ. ಕುತ್ತಿಗೆಯ ಕೆಳಗಿನ ಎಲುಬು ಮುರಿಯಿತು.

ಆಸ್ಪತ್ರೆಗೆ ಬಂದ ಗುರು ಸಮಾಧಾನ ಹೇಳಲಿಲ್ಲ. “ನೀನು ಹೆದರಿ ಮುರಿದುಕೊಂಡಿದ್ದರೆ ನನಗೆ ಚಿಂತೆ ಇರಲಿಲ್ಲ. ಹಟದಿಂದ ಮುರಿದುಕೊಂಡೆ. ಅಂಗಿ ನನ್ನ ಹತ್ತಿರ ಇರುತ್ತದೆ. ವಾಸಿಯಾಗಿ ಬಾ, ಆಮೇಲೆ ನೋಡುವ” ಅಂದಳು.

೨೦೧೧ರ ಜೂನಿನಲ್ಲಿ ಕೈಯನ್ನು ಜೋಳಿಗೆಯಲ್ಲಿ ಕಟ್ಟಿಕೊಂಡು ಊರಿಗೆ ಬಂದೆ. ಅಲ್ಲಿಯವರೆಗೆ ಮನೆಯಲ್ಲಿ ಗೊತ್ತಿದ್ದದ್ದು ನಾನು ಪ್ಯಾರಾಚೂಟು ಹೊಲಿಯುತ್ತೇನೆ ಎಂದಷ್ಟೇ. ಅಮ್ಮ ಜೋಳಿಗೆ ನೋಡಿದಳು, ನನ್ನ ಮುಖ ನೋಡಿದಳು. “ಎಂತ ಆಯ್ತ್?” ಅಂದಳು. ಸುಳ್ಳು ಹೇಳುವ ಶಕ್ತಿ ಇರಲಿಲ್ಲ. ಎಲ್ಲವನ್ನೂ ಹೇಳಿದೆ. ಕೇಳಿ ಮುಗಿದ ಮೇಲೆ ಅಮ್ಮ, “ಮೇಲಿಂದ ಕಂಡ್ರೆ ನಮ್ ಕಡ್ಲಿನಾಂಗ್ ಕಾಣತ್ತಾ?” ಎಂದು ಕೇಳಿದಳು. “ಇಲ್ಲೆ ಅಮ್ಮ, ಅಲ್ಲಿ ಬರೀ ಮರಳ್” ಅಂದೆ. ಅದೇಕೋ ಅವಳಿಗೆ ಅದು ಸ್ವಲ್ಪ ಸಮಾಧಾನ ಕೊಟ್ಟಿತು.

ಮಾವನಿಗೆ ಸುದ್ದಿ ಮುಟ್ಟಲು ಒಂದೇ ದಿನ ಸಾಕಾಯಿತು. ಬೈಂದೂರಿನ ಪಕ್ಕದ ಯಡ್ತರೆಯಲ್ಲಿ ಅವರ ಮನೆ. ಬಂದವರು ಬೈಯಲಿಲ್ಲ, ಮೆತ್ತಗೆ ಮಾತಾಡಿದರು. ವೀಸಾದ ಏನೋ ಕಾಗದ ನೋಡಬೇಕು ಎಂದು ನನ್ನ ಪಾಸ್‌ಪೋರ್ಟ್ ಕೇಳಿ ಇಸ್ಕೊಂಡು ಹೋದರು. ವಾರದ ಮೇಲೆ ಬ್ರಹ್ಮಾವರದ ಒಂದು ಸಂಬಂಧ ತಂದರು. ಐಸ್ ಕಾರ್ಖಾನೆ ಇದ್ದ, ಹೆಂಡತಿ ತೀರಿಕೊಂಡಿದ್ದ ಮನುಷ್ಯ. ನೋಡಲು ಬಂದಾಗ ಮರ್ಯಾದೆಯಿಂದಲೇ ಮಾತಾಡಿದರು. “ಹಾರೂದ್ ಗೀರೂದ್ ಎಲ್ಲ ಬಿಟ್ರೆ ನಮ್ದ್ ಎಂತ ತಕರಾರಿಲ್ಲೆ” ಎಂದರು.

“ಬಿಡೂದಿಲ್ಲೆ” ಎಂದೆ.

ಚಹಾದ ಲೋಟ ಅರ್ಧದಲ್ಲಿ ನಿಂತಿತು. ಅವರು ಎದ್ದು ಹೋಗುವಾಗ ನನಗೆ ಕೈ ಮುಗಿದರು. ಒಳ್ಳೆಯ ಮನುಷ್ಯ. ಆಮೇಲೆ ಬೇರೆ ಮದುವೆಯಾಗಿ ಸುಖವಾಗಿದ್ದಾರೆ. ಮಾವ ಮಾತ್ರ ಅಂಗಳದಲ್ಲಿ ನಿಂತು, “ಇನ್ ನೀ ಎಲ್ಲಿಗ್ ಹೋತೆ ಅಂದ್ ನಾನೂ ಕಾಂತೆ” ಎಂದು ಹೇಳಿ ಹೊರಟರು. ಪಾಸ್‌ಪೋರ್ಟ್ ಯಾವುದಕ್ಕೆ ಇಸ್ಕೊಂಡದ್ದು ಎಂದು ನನಗೆ ಆಗ ತಿಳಿಯಿತು.

ಮಳೆಗಾಲದ ಆ ಎರಡು ತಿಂಗಳು ಕಡಲಿಗೆ ಇಳಿಯುವಂತಿಲ್ಲ. ದೋಣಿಗಳನ್ನೆಲ್ಲ ದಡಕ್ಕೆ ಎಳೆದು ಬೋರಲು ಹಾಕಿದ್ದರು. ಜೋಳಿಗೆ ಬಿಚ್ಚಿದ ಮೇಲೆ ನಾನು ದಿನಾ ಬೆಳಿಗ್ಗೆ, ಮಳೆ ಬಿಟ್ಟ ಹೊತ್ತು ನೋಡಿ, ಬೋರಲು ದೋಣಿಯ ಬೆನ್ನಿನ ಮೇಲೆ ಹೊಟ್ಟೆ ಅಡಿಯಾಗಿ ಮಲಗತೊಡಗಿದೆ. ಅದರ ಉಬ್ಬು ಸರಿಯಾಗಿ ನಡುವಿಗೆ ಬರುತ್ತಿತ್ತು, ಕೈಕಾಲು ಎರಡೂ ಕಡೆ ತೇಲುತ್ತಿದ್ದವು. ಗಿರಕಿ ಬಂತು, ಮಡಚು. ನಿಂತಿತು, ಬಿಚ್ಚು. ಎತ್ತರ ನೋಡು. ಹಿಡಿ ಹುಡುಕು. ಮಾರ್ಕೆಟ್ಟಿಗೆ ಹೊರಟ ಹೆಂಗಸರು ನಿಂತು ನೋಡುತ್ತಿದ್ದರು.

“ಹ್ವಾಯ್, ಎಂತ ಮಾರಾಯ್ತಿ, ದೋಣಿ ಮೇಲ್ ಮೀನ್ ಒಣ್ಸಿದಾಂಗ್ ಮನಿಕಂಡಿದ್ದೆ?”

“ಹಾರುಕ್ ಕಲಿತಾ ಇದ್ದೆ.”

“ನೀ ಹಾರ್ತ್ಯಾ, ದೋಣಿ ಹಾರತ್ತಾ?”

ಅವರ ನಗುವಿನಲ್ಲಿ ವಿಷ ಇರಲಿಲ್ಲ. ನಾನೂ ನಗುತ್ತಿದ್ದೆ, ಮಡಚುವುದನ್ನು ಮಾತ್ರ ನಿಲ್ಲಿಸಲಿಲ್ಲ. ಕುಂದಾಪುರದ ಡಾಕ್ಟರು ಎಲುಬು ಕೂಡಿದೆ ಎಂದ ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ಯಡ್ತರೆಗೆ ಹೋದೆ.

ಮಾವ ಜಗಲಿಯಲ್ಲಿ ಪೇಪರು ಓದುತ್ತಿದ್ದರು.

“ಪಾಸ್‌ಪೋರ್ಟ್ ಕೊಡಿ ಮಾವಯ್ಯ.”

“ಕೊಡೂದಿಲ್ಲೆ. ನಿನ್ ಒಳ್ಳೇದಕ್ಕೇ ಇಟ್ಕಂಡದ್.”

“ನನ್ ಒಳ್ಳೇದ್ ಯಾವ್ದಂದ್ ನಂಗೊತ್ತಿತ್ತ್.”

“ಗೊತ್ತಿದ್ರೆ ಎಲುಬು ಮುರ್ಕಂಡ್ ಬತ್ತಿರ್ಲಿಲ್ಲೆ.”

ಮಾವನ ಎಡಗೈಯಲ್ಲಿ ಎರಡು ಬೆರಳಿಲ್ಲ. ಬೋಟಿನಲ್ಲಿದ್ದ ಕಾಲದಲ್ಲಿ ಬಲೆ ಎಳೆಯುವ ಹಗ್ಗಕ್ಕೆ ಸಿಕ್ಕಿ ಹೋದದ್ದು. ನಾನು ಅದನ್ನೇ ನೋಡಿದೆ. “ನಿಮ್ ಬೆರಳ್ ಹೋದ್ ಮೇಲೂ ನೀವ್ ಹತ್ ವರ್ಷ ಕಡ್ಲಿಗ್ ಹೋಯ್ಲಿಲ್ಯಾ?”

“ಅದ್ ಹೊಟ್ಟಿಪಾಡ್!”

ಇದೂ ಹೊಟ್ಟೆಪಾಡೇ ಎಂದು ಹೇಳಬಹುದಿತ್ತು. ಹೇಳಿದ್ದರೆ ಅವರು ಅರ್ಧ ಒಪ್ಪುತ್ತಿದ್ದರೋ ಏನೋ. ಆದರೆ ಅದು ಪೂರ್ತಿ ನಿಜವಾಗಿರಲಿಲ್ಲ. “ಹೊಟ್ಟಿಪಾಡಿಗಲ್ಲ ಮಾವಯ್ಯ. ನಂಗ್ ಬೇಕ್. ಅದಕ್ಕೇ ಹೋತೆ” ಎಂದೆ. ಹೇಳಿ ಮೆಟ್ಟಿಲಿನ ಮೇಲೆ ಕೂತೆ. “ಕೊಡೂವರಿಗೆ ಏಳೂದಿಲ್ಲೆ.”

ಅವರು ಒಳಗೆ ಹೋದರು. ದಾರಿಯಲ್ಲಿ ಹೋಗುವವರು ಒಬ್ಬೊಬ್ಬರಾಗಿ ನಿಂತರು. ಅಕ್ಕಪಕ್ಕದವರು ಬೇಲಿಯ ಹತ್ತಿರ ಬಂದರು. ಒಬ್ಬರು ನೀರು ಬೇಕಾ ಎಂದು ಕೇಳಿದರು. ನನಗೆ ಕುತ್ತಿಗೆಯಿಂದ ಮೇಲೆ ಎಲ್ಲ ಸುಡುತ್ತಿತ್ತು. ವಿಮಾನದ ಬಾಗಿಲಿನಲ್ಲಿ ನಿಲ್ಲುವುದಕ್ಕಿಂತ ಆ ಮೆಟ್ಟಿಲಿನಲ್ಲಿ ಕೂರುವುದು ಕಷ್ಟವಾಗಿತ್ತು ಎಂದರೆ ಜನ ನಂಬುವುದಿಲ್ಲ.

ಹನ್ನೊಂದು ಗಂಟೆಯ ಬಸ್ಸಿಗೆ ಅಮ್ಮ ಬಂದಳು. ನಾನು ಹೇಳಿರಲಿಲ್ಲ, ಯಾರೋ ಫೋನು ಮಾಡಿರಬೇಕು. ಒಣ ಮೀನು ಮಾರಲು ಹೋಗಿದ್ದವಳು ಹಾಗೆಯೇ ಬಂದಿದ್ದಳು. ಖಾಲಿ ಬುಟ್ಟಿಯನ್ನು ಅಂಗಳದಲ್ಲಿಟ್ಟು ನನ್ನ ಪಕ್ಕ ಕೂತಳು. ನನ್ನನ್ನು ಎಬ್ಬಿಸಿಕೊಂಡು ಹೋಗಲು ಬಂದಳು ಎಂದೇ ನಾನು ಅಂದುಕೊಂಡೆ. ಮಾವನೂ ಹಾಗೆಯೇ ಅಂದುಕೊಂಡು ಹೊರಗೆ ಬಂದರು.

“ನೀನಾರೂ ಬುದ್ಧಿ ಹೇಳ್ ಇದ್ಕೆ.”

“ನಂಗ್ ಹೆದ್ರಿಕಿ ಇತ್ತ್ ಅಣ್ಣಯ್ಯ” ಅಂದಳು ಅಮ್ಮ. “ದಿನಾ ಹೆದ್ರಿಕಿ. ಆರೆ ಪಾಸ್‌ಪೋರ್ಟ್ ಅದ್ರದ್ದ್. ನಿಮ್ ಕಪಾಟಂಗೆ ಎಂತಕ್ ಇರ್ಕ್?”

ಅಣ್ಣನ ಎದುರು ಅವಳು ಅಷ್ಟು ಉದ್ದದ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅಷ್ಟರಲ್ಲಿ ಮಾವನ ಹೆಂಡತಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು, ನನ್ನ ಮಡಿಲಿಗೆ ಪಾಸ್‌ಪೋರ್ಟ್ ಹಾಕಿ, “ಊಟ ಮಾಡ್ಕಂಡ್ ಹೋಯ್ಕ್” ಎಂದು ಒಳಗೆ ಹೋದರು. ನಾವು ಮೂವರು ಹೆಂಗಸರು ಅಡುಗೆ ಮನೆಯಲ್ಲಿ ಕೂತು ಉಂಡೆವು. ಮಾವ ಬರಲಿಲ್ಲ.

ವಾಪಸು ಹೋದಾಗ ಗುರು ನನ್ನನ್ನು ಮೊದಲಿನಿಂದ ಶುರು ಮಾಡಿಸಿದಳು. ಇಪ್ಪತ್ತು ಸಾದಾ ಜಿಗಿತ, ಆಮೇಲೆ ಚಿಕ್ಕ ರೆಕ್ಕೆಯ ಅಂಗಿ. ನೇರ ಹೋಗು, ಇಳಿ. ಮತ್ತೆ ನೇರ ಹೋಗು, ಇಳಿ. ತಿಂಗಳುಗಟ್ಟಲೆ ಇದೇ. ಪ್ರತಿ ಹಾರಾಟದ ವಿಡಿಯೋ ತೋರಿಸಿ ತಪ್ಪು ಹೆಕ್ಕುತ್ತಿದ್ದಳು. ಗಲ್ಲ ಮೇಲಿದೆ. ಭುಜ ಕಿವಿಗೆ ಹತ್ತಿದೆ. ನೀನು ಎಲ್ಲಿ ನೋಡುತ್ತೀಯೋ ಅಲ್ಲಿಗೇ ಹೋಗುತ್ತೀಯ, ಹಾಗಾದರೆ ಕೆಳಗೆ ಯಾಕೆ ನೋಡುತ್ತೀಯ?

ಒಂದು ದಿನ ನಾನೇ ಕೇಳಿದೆ. “ನನಗೆ ಗಿರಕಿ ಬೇಕು. ಬೇಕೆಂದೇ ಹುಟ್ಟಿಸಿ ಬೇಕೆಂದೇ ನಿಲ್ಲಿಸಬೇಕು.”

ಅವಳು ನನ್ನನ್ನು ದಿಟ್ಟಿಸಿ ನೋಡಿದಳು. “ಹೆದರಿಕೆ ಇಲ್ಲವಾ?”

“ಇದೆ. ಅದಕ್ಕೇ.”

ವಿಮಾನ ಎಷ್ಟು ಮೇಲೆ ಹೋಗಬಹುದೋ ಅಷ್ಟು ಮೇಲೆ ಒಯ್ದಳು. ತಾನೂ ಜೊತೆಗೆ ಜಿಗಿದು ಪಕ್ಕದಲ್ಲಿ ಉಳಿದಳು. ಬೇಕೆಂದೇ ಬಲ ಮಂಡಿ ಮಡಚಿದೆ. ಅದು ಬಂತು, ಮೊದಲಿನ ಹಾಗೆಯೇ, ಮರಳು ಆಕಾಶ ಮರಳು. ಮೈಯೆಲ್ಲ ಕೈ ಚಾಚು ಎಂದು ಕೂಗುತ್ತಿತ್ತು. ನಾನು ಮಡಚಿದೆ. ತೋಳು ಪಕ್ಕೆಗೆ, ಕಾಲು ಜೋಡಿಸಿ, ನಡು ಮುಂದಕ್ಕೆ. ಒಂದು ಸುತ್ತು, ಅರ್ಧ ಸುತ್ತು, ಅಷ್ಟೇ. ಗಿರಕಿ ಬುಗುರಿಯ ಹಾಗೆ ಸೋತು ನಿಂತಿತು. ಆಮೇಲೆ ರೆಕ್ಕೆ ಬಿಚ್ಚಿದೆ. ಅದೇ ದಿನ ಇನ್ನೆರಡು ಸಲ ಮಾಡಿದೆ. ಮೂರನೆಯ ಸಲ ಇಳಿದ ಮೇಲೆ ವಾಂತಿಯಾಯಿತು, ಬಾಯಿ ತೊಳೆದುಕೊಂಡು ನಾಲ್ಕನೆಯದಕ್ಕೆ ಹೆಸರು ಬರೆಸಲು ಹೋದೆ. ಗುರು ಪೆನ್ನು ಕಿತ್ತುಕೊಂಡಳು.

ಆ ನಂತರದ್ದು ನಿಧಾನದ ಕೆಲಸ. ಒಬ್ಬಳೇ ಹಾರುವುದು ಒಂದು ವಿದ್ಯೆ, ಇನ್ನೊಬ್ಬರ ಪಕ್ಕ ಹಾರುವುದು ಬೇರೆಯದೇ. ಪಕ್ಕದವರ ವೇಗವೇ ನನ್ನ ವೇಗ ಆಗಬೇಕು, ಅವರ ಎತ್ತರವೇ ನನ್ನ ಎತ್ತರ. ನಾನು ಅವಸರದಿಂದ ನುಗ್ಗಿ ಅವರನ್ನು ದಾಟಿ ಹೋಗುತ್ತಿದ್ದೆ. ಒಂಬತ್ತು ಜನ ಒಟ್ಟಿಗೆ ಹಾರುವ ಗುಂಪಿನಿಂದ ಮೊದಲ ವರ್ಷ ನನ್ನನ್ನು ಬಿಟ್ಟರು. ಸರಿಯಾಗಿಯೇ ಬಿಟ್ಟರು. ಒಂದು ವರ್ಷ ದೂರದಿಂದ ಮೆತ್ತಗೆ ಹತ್ತಿರ ಬರುವುದನ್ನಷ್ಟೇ ಅಭ್ಯಾಸ ಮಾಡಿದೆ. ಮರುವರ್ಷ ಗುಂಪಿನ ಎಡ ತುದಿಯ ಜಾಗ ಸಿಕ್ಕಿತು. ಒಂಬತ್ತು ನೆರಳು ಮೋಡದ ಮೇಲೆ ಓಡುತ್ತಿದ್ದವು, ಎಡ ತುದಿಯದು ಜಾಗ ಬಿಟ್ಟು ಕದಲಲಿಲ್ಲ. ಅದು ನನ್ನದು.

ಗುರುವಿನ ಮಂಡಿಗಳು ಪೂರ್ತಿ ಸೋತ ಮೇಲೆ, ೨೦೧೬ರಿಂದ, ಹೊಸಬರಿಗೆ ಮೊದಲ ರೆಕ್ಕೆ ಹಾರಾಟ ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನೂ ಇನ್ನೂರಕ್ಕೆ ಒಂದು ಕಡಿಮೆ ಇದ್ದರೂ ಒಪ್ಪುವುದಿಲ್ಲ. ಒಬ್ಬ ದೊಡ್ಡ ಮನುಷ್ಯ ಕೂಗಾಡಿದಾಗ, “ಕೂಗಿ. ಕೂಗಿದ್ದಕ್ಕೆ ಜಿಗಿತದ ಲೆಕ್ಕ ಇಲ್ಲ” ಎಂದು ಹೇಳಿ ಕಳಿಸಿದೆ.

ಮರುವರ್ಷ ರಜೆಯಲ್ಲಿ ಬಂದಾಗ ಬೈಂದೂರಿನ ಹತ್ತಿರದ ಒಂದು ಶಾಲೆಯವರು ಮಕ್ಕಳ ಮುಂದೆ ಮಾತಾಡಲು ಕರೆದರು. ವೇದಿಕೆ ಹತ್ತುವ ಮೊದಲು ಸಂಘಟಕರೊಬ್ಬರು ಪಕ್ಕಕ್ಕೆ ಕರೆದು, “ಮೇಡಂ, ಮನೆಯ ಹಿರಿಯರ ಒಪ್ಪಿಗೆ, ಆಶೀರ್ವಾದ ತೆಗೆದುಕೊಂಡೇ ಹೋದದ್ದು ಅಂತ ಒಂದು ಮಾತು ಸೇರಿಸಿ. ಹೆಣ್ಣು ಮಕ್ಕಳು ಕೇಳ್ತಾ ಇರ್ತಾರೆ” ಎಂದರು.

ನಾನು ವೇದಿಕೆ ಹತ್ತಿ, ಯಾರ ಒಪ್ಪಿಗೆಯೂ ಇಲ್ಲದೆ ಹೋದೆ ಎಂದು ಮೊದಲು ಅದನ್ನೇ ಹೇಳಿದೆ. ಎಲುಬು ಮುರಿದದ್ದನ್ನೂ ಹೇಳಿದೆ, ಅದು ನನ್ನದೇ ತಪ್ಪಿನಿಂದ ಎಂದೂ ಹೇಳಿದೆ. ಸಂಘಟಕರು ಗಡಿಯಾರ ನೋಡಿದರು. ಮುಂದಿನ ಸಾಲಿನ ಒಬ್ಬ ಹುಡುಗಿ ಕೈ ಎತ್ತಿದಳು.

“ಮೇಡಂ, ಮೇಲ್ ಹೋದಾಗ ಉಚ್ಚಿ ಬಂದ್ರೆ ಎಂತ ಮಾಡೂದ್?”

ಇಡೀ ಸಭೆ ನಕ್ಕಿತು. ಅವಳು ನಗಲಿಲ್ಲ. ಅವಳಿಗೆ ನಿಜವಾಗಿಯೂ ಗೊತ್ತಾಗಬೇಕಿತ್ತು. ಹೋಗಲು ಲೆಕ್ಕ ಹಾಕುವವರು ಮಾತ್ರ ಕೇಳುವ ಪ್ರಶ್ನೆ ಅದು.

“ಹೋಪೂಕ್ ಮುಂಚೆ ಮಾಡ್ಕಂಡ್ ಹೋಯ್ಕ್” ಎಂದೆ. “ಬಾಕಿ ಎಂತ ಕೇಳ್ತೆ, ಕೇಳ್.”

ಅವಳು ಎದ್ದು ನಿಂತು ಒಂದರ ಹಿಂದೆ ಒಂದು ಕೇಳತೊಡಗಿದಳು. ಗಂಟೆ ಹೊಡೆದರೂ ನಾವಿಬ್ಬರೂ ನಿಲ್ಲಿಸಲಿಲ್ಲ.